ಹಿರಿಯರಿರುವ ಮನೆಯಲ್ಲಿ ತಾನಾಗಿ ಹೊತ್ತುವ ದೀಪ

ಊರಿನ ಮನೆಯಲ್ಲಿ ನಡುರಾತ್ರಿ ಎದ್ದ ಹಿರಿಯರಿಗೆ ದೀಪ ಬೇಕಾಗುವುದಿಲ್ಲ. ಹೊಸ್ತಿಲು, ನಡುಮನೆಯ ಕಂಬ, ಹಿತ್ತಲ ಬಾಗಿಲು ಎಲ್ಲವೂ ಕಾಲಿಗೇ ಗೊತ್ತು. ಅವರೇ ಮಗನ ಮನೆಗೆಂದು ಮುಂಬಯಿಗೆ ಬಂದಾಗ, ಪರಿಚಯವಿಲ್ಲದ ಗೋಡೆಯಲ್ಲಿ ಸ್ವಿಚ್ಚನ್ನು ತಡಕುವುದರೊಳಗೆ ಕಾಲು ಜಾರಬಹುದು. ವೃದ್ಧಾಪ್ಯದಲ್ಲಿ ಸೊಂಟದ ಕೀಲಿನ ಬಳಿ ಎಲುಬು ಮುರಿದರೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೇ ಗತಿ. ಆ ಬಳಿಕ ಮೊದಲಿನಂತೆ ಓಡಾಡುವ ಭಾಗ್ಯ ಎಲ್ಲರಿಗೂ ಇಲ್ಲ.

ಇಂದು ‘ಸ್ಮಾರ್ಟ್’ ಎನಿಸಿಕೊಂಡ ದೀಪಗಳು ಇಲ್ಲಿ ನೆರವಾಗಬಲ್ಲವು. ಆದರೆ ದೀಪಕ್ಕೆ ಸ್ವಂತ ಬುದ್ಧಿಯಿಲ್ಲ. ಮನೆಯವರು ವಿಧಿಸಿದ ನಿಯಮವನ್ನಷ್ಟೇ ಅದು ಪಾಲಿಸುತ್ತದೆ. ಏನು ನಡೆದಾಗ, ಯಾವ ಸಂದರ್ಭದಲ್ಲಿ, ಏನು ಮಾಡತಕ್ಕದ್ದು ಎಂಬಿಷ್ಟೇ ನಿಯಮದ ಅಂಗಗಳು. ಹಜಾರದಲ್ಲಿ ಚಲನೆ ಕಂಡಾಗ, ಸೂರ್ಯ ಮುಳುಗಿದ್ದರೆ, ದೀಪ ಹೊತ್ತಬೇಕು. ಇಲ್ಲಿ ಗಡಿಯಾರಕ್ಕಿಂತ ಸೂರ್ಯನನ್ನು ನಂಬುವುದು ಲೇಸು. ಮುಂಬಯಿಯಲ್ಲಿ ನವೆಂಬರ್ ಕೊನೆಗೆ ಸುಮಾರು 6 ಗಂಟೆಗೆ ಆಗುವ ಸೂರ್ಯಾಸ್ತ ಜುಲೈ ಮೊದಲಲ್ಲಿ 7-20ರ ಹೊತ್ತಿಗೆ ಸರಿಯುತ್ತದೆ. ನಡುರಾತ್ರಿಯ ಬೆಳಕಾದರೋ ಮಂದವಾಗಿ, ಹಳದಿಯಾಗಿ ಇರಬೇಕು. ಪ್ರಖರವಾದ ನೀಲಿಬಿಳುಪು ನಿದ್ರೆಯನ್ನು ಓಡಿಸುತ್ತದೆ.

ಹೊತ್ತಿಸುವುದು ಸುಲಭ. ತೊಡಕೆಲ್ಲ ಆರಿಸುವ ನಿಯಮದಲ್ಲಿ. ಅಗ್ಗದ ಚಲನೆಯ ಸೆನ್ಸರ್ ಮನುಷ್ಯನನ್ನು ಗುರುತಿಸುವುದಿಲ್ಲ. ದೇಹದ ಶಾಖದಿಂದ ಹೊಮ್ಮುವ ಇನ್‌ಫ್ರಾರೆಡ್ ಕಿರಣಗಳು ಅದರ ಎದುರಿನಲ್ಲಿ ಏರುಪೇರಾದರೆ ಮಾತ್ರ ಅದಕ್ಕೆ ಎಚ್ಚರ. ಅಲುಗದೆ ಕುಳಿತವರು ಅದರ ಪಾಲಿಗೆ ಇಲ್ಲವೇ ಇಲ್ಲ. ಎರಡು ನಿಮಿಷಕ್ಕೆ ಆರುವಂತೆ ನಿಯಮವಿದ್ದರೆ, ಶೌಚಗೃಹದಲ್ಲಿ ಕುಳಿತ ಅಜ್ಜಿ ಏಳುವ ಗಳಿಗೆಯಲ್ಲೇ ಕತ್ತಲು! ದೀಪವೇ ಇಲ್ಲದಿದ್ದರೆ ಕಣ್ಣು ಕತ್ತಲೆಗೆ ಹೊಂದಿಕೊಂಡಾದರೂ ಇರುತ್ತಿತ್ತು. ಆದುದರಿಂದ ಕೊನೆಯ ಚಲನೆಯ ಬಳಿಕ ಇಪ್ಪತ್ತು ನಿಮಿಷವಾದರೂ ದೀಪ ಉರಿಯಲಿ. 5 ವಾಟಿನ ಎಲ್.ಇ.ಡಿ. ಬಲ್ಬು ದಿನಕ್ಕೆ ಎಂಟು ಗಂಟೆಯಂತೆ 25 ರಾತ್ರಿ ಉರಿದರೂ ಖರ್ಚಾಗುವುದು ಒಂದೇ ಯೂನಿಟ್ಟು. ಇಲ್ಲಿ ಜಿಪುಣತನ ತರವಲ್ಲ.

ಉಳಿತಾಯ ಮಾಡುವವರು ಗೀಸರಿನ ಕಡೆ ನೋಡಬೇಕು. 2000 ವಾಟಿನ ಗೀಸರ್ 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಇಪ್ಪತ್ತು ನಿಮಿಷ ಸಾಕು. ಆದರೆ ‘ಬೆಳಗ್ಗೆ ಆರೂವರೆಗೆ ಆರಿಸು’ ಎಂಬ ನಿಯಮ ಅಪೂರ್ಣ. ಮಧ್ಯಾಹ್ನ ಯಾರೋ ಹಾಕಿ ಮರೆತ ಗೀಸರನ್ನು ಅದು ಕೇಳುವುದಿಲ್ಲ. ‘ಯಾವಾಗ ಹಾಕಿದರೂ ಅರ್ಧ ಗಂಟೆಯ ಮೇಲೆ ಆರಿಸು’ ಎಂಬುದೇ ಸರಿ. ಇಂಥ ಗೀಸರ್ ಸುಮಾರು 9 ಆಂಪಿಯರ್ ಎಳೆಯುವುದರಿಂದ ಅದಕ್ಕೆ 16 ಆಂಪಿಯರಿನ ಸ್ಮಾರ್ಟ್ ಪ್ಲಗ್ಗೇ ಬೇಕು.

ಇಂಟರ್‌ನೆಟ್ ಕೈಕೊಟ್ಟ ರಾತ್ರಿಯೂ ದೀಪ ಹೊತ್ತಬೇಕಾದರೆ, ನಿಯಮ ಎಲ್ಲೋ ದೂರದ ಕಂಪ್ಯೂಟರಿನಲ್ಲಿರದೆ ಮನೆಯಲ್ಲಿರುವ ಸಾಧನದಲ್ಲೇ ಇರಬೇಕು. ಇನ್ನೊಂದು ತೊಡಕು ಕೊಳ್ಳುವಾಗ ಹೊಳೆಯುವುದೇ ಇಲ್ಲ. ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಬರುವುದು ಹಿರಿಯರ ಬಹುಕಾಲದ ರೂಢಿ. ಹಾಗೆ ಆರಿಸಿದರೆ ಸ್ಮಾರ್ಟ್ ಬಲ್ಬಿಗೆ ವಿದ್ಯುತ್ತೇ ಇಲ್ಲ. ನಿಯಮ ಎಷ್ಟು ಚೆನ್ನಾಗಿದ್ದರೂ ಅದು ಹೊತ್ತದು. ಅಜ್ಜಿಯ ರೂಢಿಯನ್ನು ಬಿಡಿಸಲು ಹೊರಡುವುದಕ್ಕಿಂತ, ಹಾಸಿಗೆಯಿಂದ ಶೌಚಗೃಹದವರೆಗಿನ ದಾರಿಯಲ್ಲಿ ಬ್ಯಾಟರಿಯಿಂದ ನಡೆಯುವ ಒಂದೆರಡು ದೀಪಗಳನ್ನು ಮೊಣಕಾಲ ಮಟ್ಟದಲ್ಲಿ ಅಂಟಿಸುವುದು ಸುಲಭ.