ಐದು ದಿಕ್ಕಿನ ಸದ್ದು, ಎರಡೇ ಕಿವಿ

ಮನೆಯ ಟಿ.ವಿ.ಗೆ ‘ಹೋಂ ಥಿಯೇಟರ್’ ಜೋಡಿಸಿದವರಲ್ಲಿ ಅನೇಕರ ದೂರು ಒಂದೇ: ಹೊಡೆದಾಟದ ಸದ್ದಿಗೆ ಕಿಟಕಿಯ ಗಾಜು ಅದುರುತ್ತದೆ, ಆದರೆ ಪಾತ್ರಗಳ ಮಾತು ಕೇಳಿಸುವುದಿಲ್ಲ. ಇನ್ನೂ ದುಬಾರಿಯ ಪೆಟ್ಟಿಗೆ ಕೊಳ್ಳಬೇಕಿತ್ತೇನೋ ಎಂದು ಅವರು ಕೊರಗುತ್ತಾರೆ. ನಿಜವಾದ ತೊಡಕು ಹಲವು ಬಾರಿ ಬೆಲೆಯಲ್ಲಿಲ್ಲ, ಇಟ್ಟ ಜಾಗದಲ್ಲಿದೆ.

ಸದ್ದಿನ ದಿಕ್ಕನ್ನು ಮನುಷ್ಯ ಅರಿಯುವುದು ಎರಡು ಕಿವಿಗಳ ಹೋಲಿಕೆಯಿಂದ. ಬಲಗಡೆಯ ಸದ್ದು ಬಲಗಿವಿಗೆ ತುಸು ಮೊದಲು, ತುಸು ಜೋರಾಗಿ ಮುಟ್ಟುತ್ತದೆ. ಈ ಅಂತರ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಮಿದುಳಿಗೆ ಅಷ್ಟೇ ಸಾಕು. ಬ್ರಿಟನ್ನಿನ ಇ.ಎಂ.ಐ. ಕಂಪೆನಿಯ ಎಂಜಿನಿಯರ್ ಅಲನ್ ಬ್ಲಮ್ಲೈನ್ ಈ ತತ್ವವನ್ನು ಆಧರಿಸಿ 1931ರಲ್ಲಿ ಸ್ಟೀರಿಯೊ ಧ್ವನಿಯ ಪೇಟೆಂಟಿಗೆ ಅರ್ಜಿ ಹಾಕಿದರು. 1940ರಲ್ಲಿ ವಾಲ್ಟ್ ಡಿಸ್ನಿಯ ‘ಫ್ಯಾಂಟೇಸಿಯಾ’ ಹಲವು ದಿಕ್ಕುಗಳಿಂದ ಸಂಗೀತ ಕೇಳಿಸಿತಾದರೂ ಅದರ ಸಲಕರಣೆ ದುಬಾರಿಯಾಗಿ ಕೆಲವೇ ಚಿತ್ರಮಂದಿರಗಳಿಗೆ ಸೀಮಿತವಾಯಿತು. ಯುನೆಸ್ಕೊ ಸಲಹೆಗಾರರಾಗಿ ಭಾರತದಲ್ಲಿ ಕೆಲಸ ಮಾಡಿದ್ದ ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಸಂಸ್ಥೆ ಕಟ್ಟಿದರು. ಅದರ ಡಿಜಿಟಲ್ ಪದ್ಧತಿ 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಚಿತ್ರಮಂದಿರಕ್ಕೆ ಬಂತು, ಮುಂದೆ ಡಿ.ವಿ.ಡಿ.ಯ ಮೂಲಕ ಮನೆಗಳನ್ನೂ ಹೊಕ್ಕಿತು.

ಪೆಟ್ಟಿಗೆಯ ಮೇಲೆ ಬರೆದಿರುವ ‘5.1’ರ ಅರ್ಥ ಸರಳ. ಮುಂದೆ ಮೂರು, ಪಕ್ಕದಲ್ಲಿ ಎರಡು ಸ್ಪೀಕರುಗಳು. ಚುಕ್ಕಿಯ ನಂತರದ ಒಂದು, ಗುಡುಗಿನಂಥ ತೀರ ತಗ್ಗಿನ ಸದ್ದಿಗೆ ಮೀಸಲಾದ ಸಬ್‌ವೂಫರ್. ಸಿನಿಮಾದ ಮಾತು ಬಹುಪಾಲು ಬರುವುದು ಮುಂದಿನ ನಡುವಿನ ಸ್ಪೀಕರಿನಿಂದ. ಅದನ್ನು ಷೋಕೇಸಿನ ಒಳಗೆ ತಳ್ಳಿದರೆ ಮಾತು ಮಂಕಾಗುವುದು ಸಹಜ. ಟಿ.ವಿ.ಯ ಕೆಳಗೋ ಮೇಲೋ, ಕೇಳುವವರ ಮುಖಕ್ಕೆ ನೇರವಾಗಿ ಇಡಬೇಕು.

ಎಡಬಲದ ಎರಡು ಸ್ಪೀಕರುಗಳು ಮತ್ತು ಕೂರುವ ಜಾಗ ಸೇರಿ ಸಮಭುಜ ತ್ರಿಕೋನವಾಗಲಿ: ಸ್ಪೀಕರುಗಳ ನಡುವೆ 2 ಮೀಟರ್ ಇದ್ದರೆ ಕುರ್ಚಿಯೂ ಎರಡರಿಂದಲೂ ಅಷ್ಟೇ ದೂರ. ಅವು ಕಿವಿಯ ಮಟ್ಟದಲ್ಲಿರಲಿ. ಇನ್ನೆರಡು, ಕೂತವರ ಪಕ್ಕಕ್ಕೆ, ಸ್ವಲ್ಪ ಹಿಂದೆ. ಸಬ್‌ವೂಫರಿಗೆ ಈ ಕಟ್ಟುಪಾಡಿಲ್ಲ. 50 ಹರ್ಟ್ಸ್‌ನ ಅಲೆ ಸುಮಾರು 7 ಮೀಟರ್ ಉದ್ದ. ಅದು ಎಲ್ಲಿಂದ ಹೊರಟಿತೆಂದು ಕಿವಿ ಗುರುತಿಸಲಾರದು. ಆದರೆ ಮೂಲೆಗೆ ಸೇರಿಸಿದರೆ ಗೋಡೆಗಳು ಅದರ ಸದ್ದನ್ನು ಹೆಚ್ಚಿಸಿ ಮಾತನ್ನು ನುಂಗುವಂತೆ ಮಾಡಬಲ್ಲವು. ಆಗ ಮೂಲೆಯಿಂದ ಈಚೆಗೆ ಸರಿಸಿ, ಅದರ ತಿರುಗಣೆಯನ್ನು ತಗ್ಗಿಸಬೇಕು.

ಉಳಿದದ್ದು ಕೋಣೆ. ನಮ್ಮ ಮನೆಗಳ ಟೈಲ್ಸ್ ನೆಲ, ಬೋಳು ಗೋಡೆಗಳು ಸದ್ದನ್ನು ಮರಳಿ ಎಸೆಯುತ್ತವೆ. ಚಪ್ಪಾಳೆ ತಟ್ಟಿದಾಗ ಕೋಣೆ ಝಣ್ ಎಂದರೆ ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿ ನೋಡಬಹುದು. ಹೊಸ ಸ್ಪೀಕರಿಗಿಂತ ಅಗ್ಗದ ಮದ್ದು ಇದು.

ಕೊನೆಗೆ ಮನೆಯ ಹಿರಿಯರೊಬ್ಬರನ್ನು ಕೂರಿಸಿ ಸಿನಿಮಾ ಹಚ್ಚಬೇಕು. ಅವರು ‘ಏನಂದ?’ ಎಂದು ಪಕ್ಕದವರನ್ನು ಕೇಳದಿದ್ದರೆ ಜೋಡಣೆ ಸರಿಯಾಗಿದೆ.