ಜಪಾನಿನ ಮಲೆಸೀಮೆಯ ತಕಯಾಮಾ ಪಟ್ಟಣದಲ್ಲಿ ಒಂದು ದಿನ

ಜಪಾನ್ ದೇಶದ ನಡುಭಾಗದಲ್ಲಿ ಗಿಫು ಎಂಬ ಪ್ರಾಂತ್ಯವಿರುವುದು. ಅದರ ಉತ್ತರದ ಬೆಟ್ಟಸೀಮೆಗೆ ಪೂರ್ವದಿಂದಲೂ ಹಿದಾ ಎಂದು ಹೆಸರು. ಈ ಸೀಮೆಯ ಮುಖ್ಯಪಟ್ಟಣವೇ ತಕಯಾಮಾ. ನಗೋಯಾ ನಗರದಲ್ಲಿ ರೈಲು ಹತ್ತಿದವರು ನದಿಯ ಕಣಿವೆಯನ್ನು ಹಿಡಿದು ಸುಮಾರು ಎರಡೂವರೆ ಗಂಟೆಯಲ್ಲಿ ಇಲ್ಲಿಗೆ ಸೇರಬಹುದು. 2005ರಲ್ಲಿ ಸುತ್ತಣ ಊರುಗಳನ್ನು ಸೇರಿಸಿಕೊಂಡ ಮೇಲೆ ಈ ಪೌರಸಭೆಯ ವಿಸ್ತೀರ್ಣವು ಸುಮಾರು 2,177 ಚದರ ಕಿಲೋಮೀಟರುಗಳಾಯಿತು. ಜಪಾನಿನಲ್ಲಿ ಇದಕ್ಕಿಂತ ವಿಸ್ತಾರವಾದ ಪೌರಸಭೆ ಮತ್ತೊಂದಿಲ್ಲ. ಆದರೆ ಅದರಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮೇಲ್ಪಟ್ಟು ಕಾಡೇ ಆಗಿರುವುದು. ಗದ್ದೆಗೆ ಒದಗುವ ನೆಲವು ಅತ್ಯಲ್ಪ. ಚಳಿಗಾಲದಲ್ಲಿ ಹಿಮವು ದಟ್ಟವಾಗಿ ಬೀಳುವುದು. ಇಂತಹ ನೆಲದಲ್ಲಿ ಒಕ್ಕಲುಮಕ್ಕಳು ಹೇಗೆ ಬಾಳಿದರೆಂಬುದನ್ನು ಒಂದು ದಿನ ಈ ಊರನ್ನು ಸುತ್ತಿದವನು ಚೆನ್ನಾಗಿ ತಿಳಿಯಬಲ್ಲನು.

ಬೆಳಗಿನ ಹೊತ್ತು ಮೊದಲು ನೋಡತಕ್ಕದ್ದು ಮಿಯಾಗಾವಾ ನದಿಯ ದಡದ ಸಂತೆ. ಸುತ್ತಲಿನ ಹಳ್ಳಿಗಳ ರೈತಹೆಂಗಸರು ತಾವೇ ಬೆಳೆದ ತರಕಾರಿ, ಸೇಬು, ಹೂವು, ಕೆಂಪು ಗೆಡ್ಡೆಯ ಉಪ್ಪಿನಕಾಯಿ ಮೊದಲಾದವನ್ನು ತಂದು ಮಾರುವರು. ಮಧ್ಯಾಹ್ನದ ಹೊತ್ತಿಗೆ ಸಂತೆ ಮುಗಿಯುವುದು. ಬೆಳೆದವರೂ ಕೊಳ್ಳುವವರೂ ನೇರವಾಗಿ ಸಂಧಿಸುವುದರಿಂದ ನಡುವೆ ದಲ್ಲಾಳಿಯ ಪಾಲಿಲ್ಲ. ಪೂರ್ವದಲ್ಲಿ ಇಲ್ಲಿ ಅಕ್ಕಿಯೂ ಹಿಪ್ಪನೇರಳೆಯ ಸೊಪ್ಪೂ ಮಾರಾಟವಾಗುತ್ತಿದ್ದುವು. ಗದ್ದೆ ಸಾಲದ ಸೀಮೆಯಲ್ಲಿ ರೇಷ್ಮೆಯ ಹುಳುವೇ ಅನೇಕ ಸಂಸಾರಗಳ ಕೈಗಾಸಿಗೆ ಆಧಾರವಾಗಿತ್ತು.

ಸಂತೆಯಿಂದ ಸ್ವಲ್ಪ ದೂರ ನಡೆದರೆ ಹಳೆಯ ವರ್ತಕರ ಬೀದಿಗಳು ಸಿಕ್ಕುವುವು. 16ನೆಯ ಶತಮಾನದ ಕೊನೆಯಲ್ಲಿ ಕನಮೋರಿ ನಾಗಚಿಕಾ ಎಂಬ ಪಾಳೆಯಗಾರನು ಇಲ್ಲಿ ಕೋಟೆಯನ್ನು ಕಟ್ಟಿಸಿ ಅದರ ಕೆಳಗೆ ಪೇಟೆಯನ್ನು ನೆಲೆಗೊಳಿಸಿದನು. ತಗ್ಗಾದ ಸೂರು, ಕಪ್ಪಾದ ಮರದ ಜಾಲರಿ, ಬೀದಿಯ ಎರಡು ಬದಿಯಲ್ಲಿಯೂ ಹರಿಯುವ ನೀರಿನ ಕಾಲುವೆ, ಇವು ಇಂದಿಗೂ ಇರುವುವು. ಅಕ್ಕಿಯ ಮದ್ಯವನ್ನು ಇಳಿಸುವ ಮನೆಗಳ ಬಾಗಿಲಲ್ಲಿ ದೇವದಾರು ಜಾತಿಯ ಮರದ ಎಲೆಗಳ ದೊಡ್ಡ ಚೆಂಡನ್ನು ತೂಗುಹಾಕುವರು. ಹೊಸದಾಗಿ ಕಟ್ಟಿದಾಗ ಅದು ಹಸುರಾಗಿದ್ದು ಕ್ರಮೇಣ ಕಂದುಬಣ್ಣಕ್ಕೆ ತಿರುಗುವುದು. ಮರಗೆಲಸವು ಈ ಸೀಮೆಯ ಹಳೆಯ ವಿದ್ಯೆ. 8ನೆಯ ಶತಮಾನದ ರಾಜಶಾಸನದಂತೆ ಹಿದಾ ಸೀಮೆಯವರು ಕೆಲವು ತೆರಿಗೆಗಳಿಗೆ ಬದಲಾಗಿ ರಾಜಧಾನಿಗೆ ಬಡಗಿಗಳನ್ನು ಕಳುಹಿಸುತ್ತಿದ್ದರು.

ಗ್ರಾಮದ ಮುಖಂಡರು ಬಹಳ ಲಕ್ಷ್ಯವಿಟ್ಟು ನೋಡತಕ್ಕ ಸ್ಥಳವು ಜಿನ್ಯಾ ಎಂಬ ಹಳೆಯ ಕಚೇರಿ. ಕಾಡಿನ ಮರ ಮತ್ತು ಗಣಿಗಳ ನಿಮಿತ್ತ 1692ರಲ್ಲಿ ತೊಕುಗಾವಾ ಸರ್ಕಾರವು ಈ ಸೀಮೆಯನ್ನು ತನ್ನ ನೇರ ಆಡಳಿತಕ್ಕೆ ತೆಗೆದುಕೊಂಡಿತು. ಅಂದಿನ ಕಚೇರಿಯ ಕಟ್ಟಡವು ಉಳಿದಿರುವುದು ಜಪಾನಿನಲ್ಲಿ ಇಲ್ಲಿ ಮಾತ್ರ. ಕಂದಾಯದ ಅಕ್ಕಿಯನ್ನು ತುಂಬುತ್ತಿದ್ದ ಉಗ್ರಾಣವೂ, ಆಪಾದಿತರನ್ನು ವಿಚಾರಿಸುತ್ತಿದ್ದ ಅಂಗಳವೂ ಅಲ್ಲಿರುವುವು. ಕಂದಾಯವನ್ನು ಒಬ್ಬೊಬ್ಬ ರೈತನ ಮೇಲೆ ಬೇರೆಬೇರೆಯಾಗಿ ಹಾಕದೆ ಇಡೀ ಗ್ರಾಮದ ಮೇಲೆ ಹೊರಿಸುತ್ತಿದ್ದರು. ಅದನ್ನು ಹಂಚಿ ವಸೂಲುಮಾಡಿ ಒಪ್ಪಿಸುವ ಹೊಣೆಯು ಗ್ರಾಮದ ಯಜಮಾನನದು. ಬೆಳೆ ಕೆಟ್ಟ ವರ್ಷ ಆತನ ಸ್ಥಿತಿ ಎಂತಹದೆಂಬುದನ್ನು ವಾಚಕರು ಊಹಿಸಬಹುದು.

1771ರಲ್ಲಿ ಸರ್ಕಾರವು ತನ್ನ ಕಾಡುಗಳಲ್ಲಿ ಮರ ಕಡಿಸುವುದನ್ನು ನಿಲ್ಲಿಸಲು, ಆ ಕೂಲಿಯನ್ನೇ ನಂಬಿದ್ದ ಜನರು ಕಂಗೆಟ್ಟರು. 1773ರಲ್ಲಿ ಅಧಿಕಾರಿ ಓಹಾರಾ ಹಿಕೋಶಿರೋ ಎಂಬವನು ಮೋಜಣಿಗೆ ಆಜ್ಞೆಮಾಡಿದನು. ಹೊಸದಾಗಿ ಸಾಗುವಳಿಗೆ ತಂದ ನೆಲವಲ್ಲದೆ ಹಳೆಯ ಗದ್ದೆಗಳನ್ನೂ ಅಳೆಸಹೊರಟುದರಿಂದ ಹಳ್ಳಿಗಳು ಎದ್ದುವು. ಗ್ರಾಮಸ್ಥರು ಎದೋ ರಾಜಧಾನಿಯವರೆಗೂ ಹೋಗಿ ಅರ್ಜಿ ಕೊಟ್ಟರು. ದೇವಸ್ಥಾನದ ಬಳಿ ನೆರೆದಿದ್ದವರನ್ನು ಸೈನಿಕರು ಚದುರಿಸಿದರು; ಮುಖಂಡರಲ್ಲಿ ಹಲವರಿಗೆ ಮರಣದಂಡನೆಯಾಯಿತು. ಹೊಂಗೋ ಗ್ರಾಮದ ಜೆನ್ಕುರೋ ಎಂಬವನಿಗೆ ಆಗ 18 ವರ್ಷ. ಮೋಜಣಿಯಾದ ಮೇಲೆ ಸೀಮೆಯ ಹುಟ್ಟುವಳಿಯ ಲೆಕ್ಕವು ಸುಮಾರು 44,000 ಕೊಕುವಿನಿಂದ 55,000ಕ್ಕೆ ಏರಿತು. ಕೊಕು ಎಂದರೆ ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುವ ಅಕ್ಕಿಯ ಅಳತೆ. ನೆಲವು ಹೆಚ್ಚಲಿಲ್ಲ, ಮಳೆಯು ಹೆಚ್ಚಲಿಲ್ಲ. ಕಾಗದದ ಮೇಲಿನ ಲೆಕ್ಕವೇ ಹೆಚ್ಚಿತು. ಹಿಕೋಶಿರೋವಿನ ಮಗನ ಅಧಿಕಾರದಲ್ಲಿಯೂ ಅನ್ಯಾಯವು ಮುಂದುವರಿಯಿತು. ರೈತರು ಮತ್ತೆ ದೂರಿಡಲು, ವಿಚಾರಣೆಯಾಗಿ 1789ರಲ್ಲಿ ಆ ಮಗನನ್ನು ದ್ವೀಪಾಂತರಕ್ಕೆ ಕಳುಹಿಸಿದರು. ಹೀಗೆ 18 ವರ್ಷಗಳ ಮೇಲೆ ಬಡವರ ಅರ್ಜಿಗೆ ಉತ್ತರ ದೊರೆಯಿತು.

ಮಧ್ಯಾಹ್ನದ ಮೇಲೆ ಊರಿನ ಹೊರಗಿರುವ ‘ಹಿದಾ ಹಳ್ಳಿ’ಯನ್ನು ನೋಡಬಹುದು. ಸೀಮೆಯ ನಾನಾ ಕಡೆಗಳಿಂದ ಹಳೆಯ ರೈತಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿ, 1971ರಲ್ಲಿ ಸಾರ್ವಜನಿಕರಿಗೆ ತೆರೆದರು. ಕೈಮುಗಿದಂತೆ ಕಡಿದಾಗಿ ನಿಂತ ಹುಲ್ಲಿನ ಛಾವಣಿಯ ಮೇಲೆ ಹಿಮವು ಹೆಚ್ಚಾಗಿ ನಿಲ್ಲದು. ಛಾವಣಿಯ ಮರಗಳನ್ನು ಮೊಳೆಯಿಲ್ಲದೆ ಹಗ್ಗದಿಂದಲೂ ಎಳೆಯ ಕೊಂಬೆಗಳಿಂದಲೂ ಬಿಗಿದಿರುವರು. ಒಲೆಯ ಹೊಗೆಯು ಮೇಲಕ್ಕೇರಿ ಹುಲ್ಲನ್ನೂ ಹಗ್ಗವನ್ನೂ ಹುಳುವಿನಿಂದ ಕಾಪಾಡುವುದು; ಅದೇ ಬಿಸಿಯಲ್ಲಿ ಅಟ್ಟದ ಮೇಲೆ ರೇಷ್ಮೆಯ ಹುಳುಗಳನ್ನು ಸಾಕುತ್ತಿದ್ದರು. ಜಪಾನಿನ ರೇಷ್ಮೆಯ ವಿದ್ಯೆಗೂ ನಮ್ಮ ನಾಡಿಗೂ ನಂಟಿದೆ. ಜಮ್ಷೆಟ್‌ಜಿ ಟಾಟಾರವರು ಬೆಂಗಳೂರಿನಲ್ಲಿ ಸ್ಥಾಪಿಸಿದ ರೇಷ್ಮೆಯ ತೋಟದಲ್ಲಿ ಜಪಾನೀ ತಜ್ಞರಿದ್ದರು. 1991ರಲ್ಲಿ ದ್ವಿತಳಿ ರೇಷ್ಮೆಯ ಅಭಿವೃದ್ಧಿಗಾಗಿ ಜಪಾನಿನ ಸಹಕಾರವು ಪುನಃ ಮೈಸೂರಿಗೆ ಒದಗಿತು.

ಇಂತಹ ಛಾವಣಿಯನ್ನು ಹೊದಿಸುವುದು ಒಂದು ಸಂಸಾರದಿಂದ ಆಗತಕ್ಕ ಕೆಲಸವಲ್ಲ. ಊರಿನವರೆಲ್ಲರೂ ಕೂಡಿ ಇಂದು ಒಬ್ಬನ ಮನೆಯನ್ನೂ ಮುಂದೆ ಇನ್ನೊಬ್ಬನ ಮನೆಯನ್ನೂ ಹೊದಿಸಿಕೊಡುವರು. ಇದಕ್ಕೆ ಅಲ್ಲಿ ‘ಯುಯಿ’ ಎನ್ನುವರು. ನಮ್ಮ ಮುಯ್ಯಾಳಿನ ಪದ್ಧತಿಯೇ ಅದು. ನೆರೆಯ ಶಿರಕಾವಾ ಗ್ರಾಮದಲ್ಲಿ ಈ ಪದ್ಧತಿಯೂ ಮನೆಗಳೂ ಉಳಿದುಬಂದು, 1995ರಲ್ಲಿ ಅಲ್ಲಿನ ಓಗಿಮಾಚಿ ಹಳ್ಳಿಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ತಕಯಾಮಾದ ಹಳೆಯ ಬೀದಿಗಳಿಗೂ 1979ರಲ್ಲಿ ಸರ್ಕಾರದ ರಕ್ಷಣೆ ದೊರೆಯಿತು.

ಗದ್ದೆ ಕಡಮೆಯಾದಲ್ಲಿ ಕಾಡು, ಕಸಬು, ರೇಷ್ಮೆ, ಸಂತೆ ಇವುಗಳನ್ನು ಕೂಡಿಸಿಕೊಂಡು ಬಾಳಿದ ಸೀಮೆಯಿದು. ನಮ್ಮ ಮಲೆನಾಡಿನ ಗ್ರಾಮಗಳಲ್ಲಿಯೂ ಮುಯ್ಯಾಳಿನ ಪದ್ಧತಿ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲಾ ಮುಖಂಡರು ಅದನ್ನು ಕಾಪಾಡತಕ್ಕದ್ದು. ಗ್ರಾಮದ ನೆಲದ ಲೆಕ್ಕವನ್ನು ತಾವೇ ಅರಿತಿರತಕ್ಕದ್ದು. ಜನರ ಪರವಾಗಿ ಮಾತನಾಡಬೇಕಾದ ದಿನ ಬಂದಾಗ ಅವರಿಗೆ ಆಧಾರವಾಗುವುವು ಇವೆರಡೇ.