ಕಣ್ಣಿಲ್ಲದ ಜಟ್ಟಿಗೂ ಹಳಿಯಾಳದ ಕಣ ತೆರೆಯಲಿ

2024ನೆಯ ಇಸವಿಯ ಸಪ್ಟಂಬರ 5ರಂದು ಪ್ಯಾರಿಸ್ ನಗರದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಮಧ್ಯಪ್ರದೇಶದ ಸೀಹೋರ್ ಊರಿನ ಶ್ರೀ ಕಪಿಲ್ ಪರಮಾರ ಅವರು ಬ್ರೆಝಿಲ್ ದೇಶದ ಎದುರಾಳಿಯನ್ನು ಕೇವಲ 33 ಸೆಕೆಂಡುಗಳಲ್ಲಿ ಸೋಲಿಸಿ ಕಂಚಿನ ಪದಕವನ್ನು ಪಡೆದ ವಾರ್ತೆಯನ್ನು ನಮ್ಮ ವಾಚಕರು ಮರೆತಿರಲಾರರು. ಜೂಡೊ ಎಂಬ ಜಪಾನೀ ಮಲ್ಲವಿದ್ಯೆಯಲ್ಲಿ ಭಾರತಕ್ಕೆ ಒಲಿಂಪಿಕ್‌ನಲ್ಲಾಗಲಿ ಪ್ಯಾರಾಲಿಂಪಿಕ್‌ನಲ್ಲಾಗಲಿ ಅದುವರೆಗೆ ಒಂದು ಪದಕವೂ ದೊರೆತಿರಲಿಲ್ಲ. ಕಣ್ಣುಳ್ಳ ಮಲ್ಲರಿಂದ ಆಗದೆ ಉಳಿದಿದ್ದ ಈ ಕಾರ್ಯವನ್ನು ದೃಷ್ಟಿ ಕಳೆದುಕೊಂಡ ತರುಣನೊಬ್ಬನು ಮಾಡಿ ತೋರಿಸಿದನು. ಬಾಲ್ಯದಲ್ಲಿ ಹೊಲದ ನೀರಿನ ಪಂಪಿನಿಂದ ವಿದ್ಯುತ್ತಿನ ಆಘಾತವಾಗಿ, ತಿಂಗಳುಗಟ್ಟಲೆ ಎಚ್ಚರವಿಲ್ಲದೆ ಮಲಗಿ, ಕ್ರಮೇಣ ದೃಷ್ಟಿಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಸೋದರನೊಡನೆ ಚಹದ ಅಂಗಡಿಯನ್ನು ನಡೆಸಿದವರು ಅವರು. ಹಿಂದಿನ ವರ್ಷ ಚೀನಾ ದೇಶದ ಹಾಂಗ್‌ಝೌ ನಗರದಲ್ಲಿ ಜರುಗಿದ ಏಶಿಯಾ ಖಂಡದ ಕ್ರೀಡೆಗಳಲ್ಲಿ ಬೆಳ್ಳಿಯ ಪದಕವೂ ಅವರದಾಗಿತ್ತು.

ಸೀಹೋರ್ ಊರಿನ ವಿಷಯವನ್ನು ಕನ್ನಡ ಪತ್ರಿಕೆಯಲ್ಲಿ ಇಷ್ಟು ವಿಸ್ತಾರವಾಗಿ ಬರೆಯುವುದೇಕೆಂದು ಕೆಲವರು ಕೇಳಬಹುದು. ಆ ಸುದ್ದಿಯನ್ನು ಓದಿದಂದಿನಿಂದ ನಮ್ಮ ಮನಸ್ಸು ಹಳಿಯಾಳದ ಕಡೆಗೆ ತಿರುಗಿದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ಊರು ಕುಸ್ತಿಗೆ ಹೆಸರಾದುದು. ಕ್ರೀಡಾ ಇಲಾಖೆಯವರ ಕುಸ್ತಿಯ ವಸತಿನಿಲಯವು ಇಲ್ಲಿದೆ. ಸುತ್ತಲಿನ ಹಳ್ಳಿಗಳಿಂದ ಬಂದ ಹುಡುಗರೂ, ಈಚೆಗೆ ಹುಡುಗಿಯರೂ, ಇಲ್ಲಿ ಪಟ್ಟುಗಳನ್ನು ಕಲಿತು ರಾಜ್ಯದ ಪರವಾಗಿ ಹೊರನಾಡುಗಳ ಕಣಗಳಲ್ಲಿ ಸೆಣಸಿ ಬಂದಿದ್ದಾರೆ. ಸಿದ್ದಿ ಜನರ ಹೆಣ್ಣುಮಕ್ಕಳು ಲಂಗ ದಾವಣಿಗಳನ್ನು ಬದಿಗಿಟ್ಟು ಕುಸ್ತಿಯ ಉಡುಪನ್ನು ತೊಟ್ಟು ಕಣಕ್ಕಿಳಿದುದು ಈ ಸೀಮೆಯಲ್ಲಿ ಸಾಮಾನ್ಯ ಸಂಗತಿಯಲ್ಲ. ಮಲ್ಲವಿದ್ಯೆಯು ಕನ್ನಡಿಗರಿಗೆ ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಆಹಾರ, ಅಭ್ಯಾಸ, ಕಾಳಗಗಳಿಗೆ ಒಂದು ಪ್ರಕರಣವೇ ಮೀಸಲಾಗಿದೆ. ಆದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳ ಯಾವುದಾದರೂ ಹಳ್ಳಿಯಲ್ಲಿ ಕಣ್ಣಿಲ್ಲದ ಮಗುವೊಂದು ಗಟ್ಟಿಮುಟ್ಟಾಗಿ ಬೆಳೆಯುತ್ತಿದ್ದರೆ, ಅದು ಈ ಕಣದ ಅಂಚಿಗೆ ಬರುವ ದಾರಿ ಯಾವುದು? ನಮಗಂತೂ ಕಾಣುತ್ತಿಲ್ಲ.

ಕುರುಡ ಮಗುವೆಂದೊಡನೆ ನಮ್ಮ ಜನರಿಗೆ ನೆನಪಾಗುವುದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳೂ, ಅವರ ಶಿಷ್ಯರಾಗಿ 2010ರಲ್ಲಿ ದೈವಾಧೀನರಾದ ಪುಟ್ಟರಾಜ ಗವಾಯಿಗಳೂ ಅಲ್ಲಿ ಮಾಡಿದ ಉಪಕಾರವನ್ನು ಈ ನಾಡು ಎಷ್ಟು ಸ್ಮರಿಸಿದರೂ ಕಡಿಮೆಯೇ. ಸ್ವತಃ ಕಣ್ಣಿಲ್ಲದ ಆ ಇಬ್ಬರು ಮಹನೀಯರು ಅದೆಷ್ಟೋ ಅನಾಥ ಅಂಧ ಬಾಲಕರಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. ಆದರೆ ಎಲ್ಲ ಕುರುಡರಿಗೂ ಕಂಠವಿರುತ್ತದೆಯೆ? ಕಣ್ಣುಳ್ಳ ಹತ್ತು ಮಕ್ಕಳಲ್ಲಿ ಒಂದು ಹಾಡುತ್ತದೆ, ಒಂದು ಲೆಕ್ಕದಲ್ಲಿ ಮುಂದಾಗುತ್ತದೆ, ಮತ್ತೊಂದು ಮರ ಹತ್ತುತ್ತದೆ. ಕಣ್ಣಿಲ್ಲದ ಹತ್ತು ಮಕ್ಕಳಿಗೆ ಮಾತ್ರ ಒಂದೇ ತಂಬೂರಿಯನ್ನು ತೋರಿಸಿ ಸುಮ್ಮನಾಗುವುದು ನಮ್ಮ ಆಲಸ್ಯವೇ ಹೊರತು ಗವಾಯಿಗಳ ಉಪದೇಶವಲ್ಲ.

ಮಲ್ಲವಿದ್ಯೆಯೇ ಏಕೆ? ಕುಸ್ತಿಯನ್ನು ಸಮೀಪದಿಂದ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಇಬ್ಬರು ಮಲ್ಲರು ಕೈ ಬೆಸೆದ ಮೇಲೆ ಕಣ್ಣಿನ ಕೆಲಸವು ಮುಕ್ಕಾಲು ಪಾಲು ಮುಗಿಯಿತು. ಎದುರಾಳಿಯ ಭಾರವು ಯಾವ ಕಾಲಿನ ಮೇಲೆ ಬಿದ್ದಿದೆ, ಭುಜವು ಯಾವ ದಿಕ್ಕಿಗೆ ಬಿಗಿಯುತ್ತಿದೆ, ಉಸಿರು ಎಲ್ಲಿ ತಡೆಯಿತು ಎಂಬುದೆಲ್ಲ ಕೈಗೆ, ಎದೆಗೆ, ಕತ್ತಿಗೆ ತಿಳಿಯುತ್ತದೆ. ಕಣ್ಣು ಬೇಕಾಗುವುದು ಹಿಡಿತಕ್ಕೆ ಮುಂಚಿನ ಆ ಸುಳಿದಾಟದಲ್ಲಿ. ದೂರ ನಿಂತು, ಸಮಯ ನೋಡಿ, ಸರಕ್ಕನೆ ಕಾಲಿಗೆ ಎರಗುವವನನ್ನು ಕುರುಡನು ತಡೆಯಲಾರನು. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಈ ಒಂದು ಅಡಚಣೆಗೆ ಪರಿಹಾರವು ಬಹುಕಾಲದ ಹಿಂದೆಯೇ ಸಿಕ್ಕಿದೆ. ಅಮೇರಿಕಾ ದೇಶದ ಹೈಸ್ಕೂಲುಗಳ ಕುಸ್ತಿಯಲ್ಲಿ ಒಬ್ಬನು ದೃಷ್ಟಿಹೀನನಾಗಿದ್ದರೆ ಇಬ್ಬರೂ ಎದುರುಬದುರು ನಿಂತು ಬೆರಳಿಗೆ ಬೆರಳು ತಾಗಿಸಿದ ಮೇಲೆಯೇ ಪಂಚನು ಸೀಟಿ ಊದುತ್ತಾನೆ. ನಿಂತು ಸೆಣಸುವಾಗ ಸ್ಪರ್ಶವು ತಪ್ಪಿದರೆ ತಡೆದು ಮತ್ತೆ ಹಾಗೆಯೇ ನಿಲ್ಲಿಸುತ್ತಾನೆ. ಉಳಿದ ನಿಯಮಗಳೆಲ್ಲ ಇದ್ದಂತೆಯೇ. ಅಂಧರ ಜೂಡೊದಲ್ಲಿಯೂ ಇದೇ ನ್ಯಾಯ: ಒಬ್ಬರ ಅಂಗಿಯನ್ನೊಬ್ಬರು ಹಿಡಿದ ನಂತರವೇ ಪಂದ್ಯಕ್ಕೆ ಅಪ್ಪಣೆ. ಇಷ್ಟು ಮಾತ್ರದ ಬದಲಾವಣೆಯಿಂದ ಆ ದೇಶದ ಅಂಧಶಾಲೆಗಳ ಹುಡುಗರು ಸಾಮಾನ್ಯ ಶಾಲೆಗಳ ಕಣ್ಣುಳ್ಳ ಹುಡುಗರೊಡನೆ ಸೆಣಸುತ್ತ ಬಂದರು. ಅಂತಹವರಲ್ಲಿ ಜೇಮ್ಸ್ ಮಾಸ್ಟ್ರೊ ಎಂಬವರು 1976ರಲ್ಲಿ ಅಮೇರಿಕೆಯ ಒಲಿಂಪಿಕ್ ಕುಸ್ತಿ ತಂಡದ ಕಾದಿಟ್ಟ ಮಲ್ಲರಲ್ಲೊಬ್ಬರಾದರು. ಕಣ್ಣುಳ್ಳವರ ತಂಡವೆಂಬುದನ್ನು ವಾಚಕರು ಗಮನಿಸಬೇಕು. ಮುಂದೆ ಅವರು ಅಂಗಸಾಧನೆಯ ಶಾಸ್ತ್ರದಲ್ಲಿಯೇ ಡಾಕ್ಟರ್ ಪದವಿಯನ್ನು ಪಡೆದು ವಿದ್ಯಾಪೀಠದಲ್ಲಿ ಪ್ರಾಧ್ಯಾಪಕರಾದರು. ಹೈಸ್ಕೂಲಿನ ಕಣದಲ್ಲಿ ಸಿಕ್ಕಿದ ಒಂದು ಅವಕಾಶವು ಮನುಷ್ಯನನ್ನು ಎಷ್ಟು ದೂರಕ್ಕೆ ಒಯ್ಯಬಲ್ಲುದು!

ಸ್ಪರ್ಶದ ನಿಯಮದಿಂದ ಕಣ್ಣುಳ್ಳ ಹುಡುಗನಿಗೆ ಅನ್ಯಾಯವಾಗುವುದೆಂದು ಆಕ್ಷೇಪಿಸುವವರಿದ್ದಾರೆ. ಅವನ ಚುರುಕುತನಕ್ಕೆ ಒಂದಿಷ್ಟು ಕಡಿವಾಣ ಬೀಳುವುದು ನಿಜ. ಆದರೆ ತೂಕದ ವರ್ಗಗಳನ್ನು ಮಾಡುವುದರಿಂದಲೂ ಭಾರಿ ಪೈಲವಾನನಿಗೆ ಅಷ್ಟೇ ನಷ್ಟವಾಗುತ್ತದೆ. ಅದನ್ನು ಅನ್ಯಾಯವೆಂದು ಈಗ ಯಾರೂ ಹೇಳುತ್ತಿಲ್ಲ.

ನಮ್ಮ ನಾಡಿನಲ್ಲಿಯೇ ನೋಡುವುದಾದರೆ ಚಿಕ್ಕಮಗಳೂರು ಜಿಲ್ಲೆಯ ಕುಮಾರಿ ರಕ್ಷಿತಾ ರಾಜು ಅವರ ದೃಷ್ಟಾಂತವಿದೆ. ಎಳೆತನದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದ ಈ ಅಂಧ ಬಾಲಿಕೆ ಅಂಧ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದಾಗ ಅಲ್ಲಿಯ ಶಿಕ್ಷಕರ ಕಣ್ಣಿಗೆ ಬಿದ್ದಳು. 2018ರಲ್ಲಿ ಜಕಾರ್ತಾದಲ್ಲಿಯೂ 2023ರಲ್ಲಿ ಹಾಂಗ್‌ಝೌನಲ್ಲಿಯೂ ಏಶಿಯಾದ ಕ್ರೀಡೆಗಳ 1500 ಮೀಟರಿನ ಓಟದಲ್ಲಿ ಚಿನ್ನವನ್ನು ಗೆದ್ದು, 2024ರಲ್ಲಿ ಪ್ಯಾರಿಸ್ಸಿನ ಪಥದಲ್ಲಿಯೂ ಓಡಿ ಬಂದರು. ಶಿವಮೊಗ್ಗೆಯ ಸೀಮೆಯ ಶ್ರೀ ಶೇಖರ ನಾಯ್ಕರು ಅಂಧರ ಕ್ರಿಕೆಟ್ ತಂಡದ ನಾಯಕರಾಗಿ 2012ರಲ್ಲಿ ಬೆಂಗಳೂರಿನಲ್ಲಿಯೇ ವಿಶ್ವವಿಜಯವನ್ನು ಸಾಧಿಸಿ, 2017ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಇವರೀರ್ವರೂ ಅಂಧಶಾಲೆಯೊಂದರ ಬಯಲಿನಿಂದ ಎದ್ದುಬಂದವರು. ಕುಮಾರಿ ರಕ್ಷಿತಾ ಅವರ ಓಟಕ್ಕೆ ಕಣ್ಣುಳ್ಳ ಓಟಗಾರನೊಬ್ಬನು ಕೈಗೆ ಕೈ ದಾರದಿಂದ ಕಟ್ಟಿಕೊಂಡು, ಹೆಜ್ಜೆಗೆ ಹೆಜ್ಜೆ ಕೂಡಿಸಿ, ಪ್ರತಿನಿತ್ಯವೂ ಜೊತೆಗೆ ಓಡಲೇಬೇಕು. ಶ್ರೀ ರಾಹುಲ್ ಬಾಲಕೃಷ್ಣ ಅವರು ಆ ಕಾರ್ಯವನ್ನು ಮಾಡಿದ್ದಾರೆ. ಅಂತಹ ಜೊತೆಗಾರನನ್ನು ದೊರಕಿಸುವುದು ಬಡ ಶಾಲೆಗೆ ಸುಲಭವಲ್ಲ. ಕುಸ್ತಿಗೆ ಆ ಖರ್ಚೂ ಇಲ್ಲ. ಕುರುಡ ಮಲ್ಲನಿಗೆ ದಾರಿ ತೋರಿಸುವುದು ಎದುರಾಳಿಯ ಮೈಯೇ.

ಈಗ ಮತ್ತೆ ನಮ್ಮ ನಾಲ್ಕು ತಾಲೂಕುಗಳಿಗೆ ಬರೋಣ. ದಾಂಡೇಲಿಯು ಕಾಗದದ ಕಾರಖಾನೆಯ ಪಟ್ಟಣ. ಮುಂಡಗೋಡವು ಬಯಲುಸೀಮೆಯ ಅಂಚಿನ ತಾಲೂಕು. ಜೋಯಿಡಾದ ಸಂಗತಿ ಬೇರೆ. ಹಳೆಯ ಸೂಪಾ ಊರು ಕಾಳಿಯ ನೀರಿನಲ್ಲಿ ಮುಳುಗಿದ ಮೇಲೆ ಜೋಯಿಡಾ ಆ ತಾಲೂಕಿನ ಮುಖ್ಯ ಸ್ಥಳವಾಯಿತು. ತಾಲೂಕಿನ ಬಹುಭಾಗ ದಟ್ಟಡವಿ, ಒಂದೊಂದು ಮಜರೆಯಲ್ಲಿ ನಾಲ್ಕಾರು ಮನೆ, ಮಳೆಗಾಲದಲ್ಲಿ ಹಳ್ಳ ದಾಟುವುದೇ ಸಾಹಸ. ಇಂತಹ ಕಡೆ ಹುಟ್ಟಿದ ಅಂಧ ಮಗುವಿಗೆ ಇರುವುದು ಎರಡೇ ಗತಿ. ಒಂದೋ ಮನೆಯ ಜಗಲಿ, ಇಲ್ಲವೋ ಹುಬ್ಬಳ್ಳಿಯ ಸರಕಾರಿ ಅಂಧಶಾಲೆಯಂತಹ ದೂರದ ಸಂಸ್ಥೆ. ಎರಡನೆಯದನ್ನು ಒಪ್ಪದ ತಾಯಿಯನ್ನು ನಾವು ದೂರಲಾರೆವು.

ಹುಡುಕಿದರೆ ಸಿಗುತ್ತಾರೆ, ಹುಡುಕದಿದ್ದರೆ ಇಲ್ಲ ಎಂಬುದಕ್ಕೆ ಈ ಕಾಡೇ ಒಮ್ಮೆ ಸಾಕ್ಷಿಯಾಗಿದೆ. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರದವರು ವಿಶೇಷ ಕ್ಷೇತ್ರದ ಯೋಜನೆಯೊಂದನ್ನು ಹೂಡಿ, ಸಿದ್ದಿಗಳ ಹಾಡಿಗಳಿಗೆ ಬಂದು ಮಕ್ಕಳನ್ನು ಓಡಿಸಿ, ಜಿಗಿಸಿ, ಆರಿಸಿಕೊಂಡು ಹೋದರು. ಅದುವರೆಗೆ ಹೊರಗಿನವರ ಲೆಕ್ಕಕ್ಕೇ ಬಾರದಿದ್ದ ಆ ಮಕ್ಕಳು ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ಕೊರಳಿಗೆ ಹಾಕಿಕೊಂಡು ಬಂದರು. 1993ರಲ್ಲಿ ಆ ಯೋಜನೆಯು ನಿಂತುಹೋಯಿತು. ಅರ್ಧ ತರಬೇತಾದವರು ಮನೆಗೆ ಮರಳಿದರು. ಪುನಃ ಎಚ್ಚರವಾಗಲು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಸರಕಾರವು ಗಣಿಸಿದ್ದೇ 2003ರಲ್ಲಿ. ಈ ನಡುವೆ ಒಂದು ಇಡೀ ತಲೆಮಾರಿನ ಕಾಲುಗಳ ಬಲವು ಕೂಲಿಯ ಕೆಲಸದಲ್ಲಿ ಸವೆಯಿತು. ಅಂಧ ಮಕ್ಕಳ ವಿಷಯದಲ್ಲಿ ಇಂತಹ ಹುಡುಕಾಟವು ಒಮ್ಮೆಯಾದರೂ ಆಗಬೇಕೆಂಬುದು ನಮ್ಮ ಬೇಡಿಕೆ.

ಇದಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 16ನೆಯ ಕಲಮು, ಸರಕಾರದ ನೆರವನ್ನು ಅಥವಾ ಮಾನ್ಯತೆಯನ್ನು ಪಡೆದ ಶಾಲೆಗಳು ಇಂತಹ ಮಕ್ಕಳಿಗೆ ಇತರರೊಡನೆ ಸಮಾನವಾಗಿ ಆಟಗಳ ಅವಕಾಶವನ್ನು ಕೊಡಬೇಕೆಂದು ಹೇಳುತ್ತದೆ. 30ನೆಯ ಕಲಮು ಕ್ರೀಡೆಗೇ ಮೀಸಲಾಗಿದ್ದು, ಆ ಹೊಣೆಯನ್ನು ಸರಕಾರದ ಮೇಲೂ ಕ್ರೀಡಾಧಿಕಾರಿಗಳ ಮೇಲೂ ಹೊರಿಸುತ್ತದೆ. ಹಣವೂ ಹೆಚ್ಚು ಬೇಡ. ಕಣವಿದೆ, ಹಾಸಿದೆ, ವಸ್ತಾದರಿದ್ದಾರೆ. ಆದರೆ ವಸತಿನಿಲಯದ ಆಯ್ಕೆಯಲ್ಲಿ ಓಟ ಜಿಗಿತಗಳನ್ನು ಕಣ್ಣುಳ್ಳವರ ಅಳತೆಯಿಂದಲೇ ಪರೀಕ್ಷಿಸಿದರೆ, ತೋಳಿನಲ್ಲಿ ಎಷ್ಟು ಕಸುವಿದ್ದರೂ ಅಂಧ ಬಾಲಕನು ಬಾಗಿಲಲ್ಲಿಯೇ ಸೋಲುತ್ತಾನೆ. ಅಂತಹವನಿಗೆ ಹಿಡಿತ, ಬೆನ್ನಿನ ಬಲ, ಸಮತೋಲಗಳನ್ನು ನೋಡಿ ಎರಡು ಸ್ಥಾನಗಳನ್ನಾದರೂ ಕಾದಿರಿಸಬೇಕು. ಕಣಕ್ಕಿಳಿಸುವ ಮುಂಚೆ ನೇತ್ರವೈದ್ಯರ ಅಭಿಪ್ರಾಯವು ಅವಶ್ಯ. ಅಲ್ಪಸ್ವಲ್ಪ ದೃಷ್ಟಿಯುಳ್ಳ ಕೆಲವರ ಕಣ್ಣಿನ ಒಳಪೊರೆಯು ಪೆಟ್ಟಿನಿಂದ ಕಳಚುವ ಭಯವಿರುವುದರಿಂದ, ಉಳಿದಷ್ಟನ್ನೂ ಕಳೆಯುವ ಸಾಹಸಕ್ಕೆ ಯಾರನ್ನೂ ನೂಕಬಾರದು. ಊಟದ ಮನೆಗೂ ಬಚ್ಚಲಿಗೂ ಹೋಗುವ ದಾರಿಯನ್ನು ಕಲಿಸಲು ಒಂದು ವಾರ ಸಾಕು. ಗೆಳೆಯರಾಗಲು ಹುಡುಗರಿಗೆ ಅಷ್ಟೂ ಬೇಡ.

ಮುಂದಿನ ಹಾದಿಯ ವಿಚಾರವನ್ನೂ ಹೇಳಿಬಿಡಬೇಕು. ಪ್ಯಾರಾಲಿಂಪಿಕ್‌ನಲ್ಲಿ ಅಂಧರ ಕುಸ್ತಿಯು ನಡೆದದ್ದು 1980 ಮತ್ತು 1984ರಲ್ಲಿ ಮಾತ್ರ. 1988ರಿಂದ ಅದರ ಸ್ಥಾನದಲ್ಲಿ ಜೂಡೊ ಬಂದಿದೆ, ಸ್ತ್ರೀಯರಿಗೆ 2004ರಿಂದ. ಆದುದರಿಂದ ಹಳಿಯಾಳದಲ್ಲಿ ಪಳಗಿದ ಅಂಧ ಮಲ್ಲನು ಜಗತ್ತಿನ ಕಣವನ್ನು ಕಾಣಬೇಕಾದರೆ ಹೈಸ್ಕೂಲಿನ ನಂತರ ಜೂಡೊದ ಅಂಗಿಯನ್ನು ತೊಡಲೇಬೇಕು. ಜೂಡೊ ಕಲಿಸುವ ಸರಕಾರಿ ಕ್ರೀಡಾನಿಲಯವು ಬೆಳಗಾವಿಯಲ್ಲಿಯೇ ಇದೆ. ಹಳಿಯಾಳಕ್ಕೆ ಬೆಳಗಾವಿ ಪರದೇಶವಲ್ಲ. ಕಾರವಾರಕ್ಕೆ ಹೋಗಿಬರುವಷ್ಟು ಪ್ರಯಾಸವೂ ಇಲ್ಲ.

ಕೊನೆಗೆ ಅಧಿಕಾರಿಗಳಲ್ಲಿ ಒಂದು ವಿನಂತಿ. ಪ್ರತಿ ತಾಲೂಕಿನಲ್ಲಿಯೂ ಅಂಗವಿಕಲ ಮಕ್ಕಳ ಶಿಕ್ಷಣಕ್ಕೆಂದು ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾರದ ಮಕ್ಕಳ ಮನೆಗೇ ಹೋಗಿ ಪಾಠ ಹೇಳುವವರು ಇವರು; ಯಾವ ಹಳ್ಳಿಯ ಯಾವ ಮನೆಯಲ್ಲಿ ಅಂಧ ಮಗುವಿದೆಯೆಂಬ ಯಾದಿಯು ಇವರ ಕೈಯಲ್ಲಿರುತ್ತದೆ. ಆ ಯಾದಿಯು ಶಿಕ್ಷಣ ಇಲಾಖೆಯ ಕಪಾಟಿನಲ್ಲಿ, ಕುಸ್ತಿಯ ವಸ್ತಾದರು ಕ್ರೀಡಾ ಇಲಾಖೆಯ ಕಣದಲ್ಲಿ. ಎರಡಕ್ಕೂ ಪರಸ್ಪರ ಪರಿಚಯವಿಲ್ಲ. ಈ ತಾಲೂಕುಗಳು ಸೇರಿರುವ ಶಿರಸಿಯ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳು ಮುಂದಿನ ಆಯ್ಕೆಗೆ ಮುನ್ನ ಈ ಯಾದಿಯ ಒಂದು ಪ್ರತಿಯನ್ನು ಹಳಿಯಾಳದ ಕುಸ್ತಿಯ ನಿಲಯಕ್ಕೆ ಕಳುಹಿಸಲಿ. ಶಾಲಾ ಕ್ರೀಡೆಗಳ ನಿಯಮಾವಳಿಯಲ್ಲಿ ಬೆರಳು ತಾಗಿಸಿ ಆರಂಭಿಸುವ ಒಂದು ವಾಕ್ಯವೂ ಸೇರಲಿ. ವಸ್ತಾದರು ಜೋಯಿಡಾದ ಹಾಡಿಗಳಿಗೆ ಒಂದು ಸಾರೆ ಹೋಗಿ ಬರಲು ಬಸ್ಸಿನ ಖರ್ಚನ್ನು ಯಾರು ಕೊಡಬೇಕೆಂಬ ಪ್ರಶ್ನೆ ಎದ್ದರೆ, ಹಳಿಯಾಳ, ದಾಂಡೇಲಿಗಳ ಕುಸ್ತಿಪ್ರಿಯ ವರ್ತಕರು ಪಂದ್ಯಗಳ ಬೆಳ್ಳಿಯ ಗದೆಗಾಗಿ ವೆಚ್ಚಮಾಡುವುದರಲ್ಲಿ ಅಲ್ಪ ಭಾಗವನ್ನು ಇದಕ್ಕೆ ತೆಗೆದಿಡಬಹುದು.